ಅಮ್ಮನ ಹಾಡು, 154 ಬೈಟು



ನಮ್ಮ ರೆಡ್‌ವುಡ್ ಸಿಟಿಗೆ ಬಂದು ಹೋದವರೆಲ್ಲ ಇಲ್ಲಿನ ಡೌನ್‌ಟೌನ್ ಕಮಾನನ್ನು ನೋಡಿಯೇ ಇರುತ್ತೀರಿ. ಸರ್ಕಾರವೇ ಪರೀಕ್ಷೆ ಮಾಡಿ ಅತ್ಯುತ್ತಮ ಎಂದ ಹವೆ ನಮ್ಮದು, ಎಂದು ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡಿರುವ ಊರು ಇದು. ಹದಿನೆಂಟು ವರ್ಷದಿಂದ ಆ ಕಮಾನಿನ ಕೆಳಗೆ ಓಡಾಡುತ್ತಿದ್ದೇನೆ. ಹವೆಯನ್ನೂ ಪರೀಕ್ಷೆ ಮಾಡಿ ಬೋರ್ಡು ಹಾಕುವ ಊರಲ್ಲಿದ್ದುಕೊಂಡು, ನನ್ನ ಮನೆಯ ಕಂಪ್ಯೂಟರಿನ ಬ್ಯಾಕಪ್ಪನ್ನು ಮಾತ್ರ ಒಂದು ದಿನವೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ಅದರ ಫಲವನ್ನು ಈ ವರ್ಷ ಉಂಡೆ. ಆ ಕಥೆ ಹೇಳಿ, ಅದರಿಂದ ಹುಟ್ಟಿದ ಒಂದೆರಡು ಖಡಾಖಂಡಿತ ಅಭಿಪ್ರಾಯಗಳನ್ನೂ ನಿಮ್ಮ ತಲೆಗೆ ಕಟ್ಟೋಣ ಅಂತ ಈ ಪತ್ರ.

ನಮ್ಮ ಕೂಟದಲ್ಲಿ ಮನೆಗೊಬ್ಬ ಸಾಫ್ಟ್‌ವೇರಿನವನಿದ್ದಾನೆ, ಕೆಲವು ಮನೆಗಳಲ್ಲಿ ಇಬ್ಬಿಬ್ಬರು. ಅವರಲ್ಲಿ ಅರ್ಧ ಜನರ ಗ್ಯಾರೇಜಿನಲ್ಲೋ ಕ್ಲಾಸೆಟ್ಟಿನಲ್ಲೋ ಒಂದು ಲಿನಕ್ಸ್ ಪೆಟ್ಟಿಗೆ ಗುಯ್‌ಗುಡುತ್ತಿರುತ್ತದೆ. ನನ್ನದೂ ಅಂಥದ್ದೇ. ವಾಟರ್ ಹೀಟರ್ ಪಕ್ಕದ ಶೆಲ್ಫಿನ ಮೇಲೆ ಒಂದು ಹಳೇ ಡೆಸ್ಕ್‌ಟಾಪ್, ಅದರಲ್ಲಿ ಡೆಬಿಯನ್. ಫೋಟೋ, ವಿಡಿಯೋ, ತೆರಿಗೆ ಕಾಗದ, ಮಕ್ಕಳ ಶಾಲೆಯ ಕಡತ, ಎಲ್ಲವೂ ಅಲ್ಲೇ. ಪಕ್ಕದಲ್ಲಿ ಎರಡು ಡಿಸ್ಕಿನ ಒಂದು ನ್ಯಾಸ್ ಪೆಟ್ಟಿಗೆ (ಮನೆಯ ನೆಟ್‌ವರ್ಕಿಗೆ ಸಿಕ್ಕಿಸಿಡುವ ಸ್ಟೋರೇಜು, ಗೊತ್ತಿಲ್ಲದವರಿಗಾಗಿ ಹೇಳಿದೆ). ರಾತ್ರಿ ಎರಡು ಗಂಟೆಗೆ ಸರ್ವರ್ ತನ್ನಲ್ಲಿರುವುದನ್ನೆಲ್ಲ ನ್ಯಾಸಿಗೆ ನಕಲು ಮಾಡಬೇಕು. ಆರ್‌ಸಿಂಕ್ ಎಂಬ ಪ್ರೋಗ್ರಾಮು, ಹನ್ನೆರಡು ಸಾಲಿನ ಸ್ಕ್ರಿಪ್ಟು. ಅದನ್ನು ಬರೆದ ದಿನ ನಾನು ಹೆಂಡತಿಯನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ ಮಿಣುಕು ದೀಪಗಳನ್ನು ತೋರಿಸಿದ್ದೆ. ಅವಳು, "ಚೆನ್ನಾಗಿದೆ, ಆದ್ರೆ ವ್ಯಾಕ್ಯೂಮ್ ಕ್ಲೀನರ್ ಇಡೋ ಜಾಗ ಹೋಯ್ತಲ್ರೀ" ಅಂದಿದ್ದಳು.

ನಮ್ಮ ಎರಡನೆಯವಳು ಹುಟ್ಟಿದಾಗ ಬಾಣಂತನಕ್ಕೆ ಅಂತ ಅಮ್ಮ ಬಂದರು. ಮೊದಲ ಆರು ತಿಂಗಳು ಅತ್ತೆಯವರ ಪಾಳಿ, ಆಮೇಲಿನ ಆರು ತಿಂಗಳು ಅಮ್ಮನ ಪಾಳಿ. ಈ ಲೆಕ್ಕ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅಮ್ಮ ಒಬ್ಬರೇ ವಿಮಾನ ಹತ್ತಲು ಹೆದರಿದ್ದರಿಂದ ಜೊತೆಗೆ ಅವರ ಅಕ್ಕ, ನಮ್ಮ ದೊಡ್ಡಮ್ಮನೂ ಬಂದರು. ಸಾಗರದ ಕಡೆಯ ಹಳ್ಳಿಯ ಇಬ್ಬರು ಅಕ್ಕತಂಗಿಯರು, ಟಿವಿ ಅರ್ಥವಾಗದ ಮನೆಯಲ್ಲಿ, ಮಧ್ಯಾಹ್ನ ಮಗುವನ್ನು ಮಲಗಿಸಿ ಏನು ಮಾಡಬೇಕು? ಹಾಡುತ್ತಿದ್ದರು. ಹಸೆಗೆ ಕರೆಯುವ ಹಾಡು, ಉರುಟಣೆ ಹಾಡು, ಬೀಗರನ್ನು ಚೇಡಿಸುವ ಹಾಡು, ಆರತಿ ಹಾಡು. ಅಮ್ಮ ಒಂದು ಸಾಲು ಎತ್ತಿದರೆ ದೊಡ್ಡಮ್ಮ ಮುಂದಿನ ಸಾಲು ಹಿಡಿಯುತ್ತಿದ್ದರು. ಯಾವ ಪುಸ್ತಕದಲ್ಲೂ ಇಲ್ಲದ ಹಾಡುಗಳು, ಅವರ ಅಜ್ಜಿಯ ಬಾಯಿಂದ ಬಂದವು. ನಾನು ಒಂದು ಒಳ್ಳೆಯ ಮೈಕು ತಂದು ಅರವತ್ತಕ್ಕೂ ಹೆಚ್ಚು ಹಾಡು ರೆಕಾರ್ಡ್ ಮಾಡಿಕೊಂಡೆ. ಪ್ರತಿ ಕಡತಕ್ಕೂ ಅಚ್ಚುಕಟ್ಟಾಗಿ ಕನ್ನಡದಲ್ಲೇ ಹೆಸರಿಟ್ಟೆ. ಉದಾಹರಣೆಗೆ: "ಅಮ್ಮ ಮತ್ತು ದೊಡ್ಡಮ್ಮ ಹಾಡಿದ್ದು ಹಸೆಗೆ ಕರೆಯುವ ಹಾಡು 2012 ಯುಗಾದಿ", ಕೊನೆಗೆ ಡಾಟ್ ವೇವ್.

ಈ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕಳೆದ ಚಳಿಗಾಲದ ಒಂದು ಬಿರುಗಾಳಿ ರಾತ್ರಿ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಬೆಳಿಗ್ಗೆ ನೋಡಿದರೆ ಸರ್ವರಿನ ಡೇಟಾ ಡಿಸ್ಕು ಟಿಕ್ ಟಿಕ್ ಅಂತ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು ಮಾಡುತ್ತಿತ್ತು. ಹಳೆಯ ಡಿಸ್ಕು, ಅದರ ಆಯುಷ್ಯ ಮುಗಿದಿತ್ತು. ನನಗೇನೂ ಗಾಬರಿಯಾಗಲಿಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಖುಷಿಯೇ ಆಯಿತು. ಬ್ಯಾಕಪ್ ಇದೆಯಲ್ಲ! ಹೊಸ ಡಿಸ್ಕು ತಂದೆ, ನ್ಯಾಸಿನಿಂದ ಎಲ್ಲ ವಾಪಸ್ ಸುರಿದೆ, ಭಾನುವಾರ ಮಧ್ಯಾಹ್ನದೊಳಗೆ ಎಲ್ಲ ಸರಿಯಾಯಿತು. ಆಫೀಸಿನಲ್ಲಿ ಸೋಮವಾರ ಈ ಬಗ್ಗೆ ಕೊಚ್ಚಿಕೊಂಡದ್ದೂ ಆಯಿತು. ಎರಡು ವಾರದ ನಂತರ ಮಗಳು ಶಾಲೆಯ ಯಾವುದೋ ಪ್ರಾಜೆಕ್ಟಿಗೆ ಅಜ್ಜಿಯ ಹಾಡು ಬೇಕು ಅಂದಳು. ಫೋಲ್ಡರ್ ತೆರೆದೆ. ಇಪ್ಪತ್ತು ಚಿಲ್ಲರೆ ಹಾಡು ಇದ್ದವು. ಉಳಿದ 41 ಇಲ್ಲ!

ಯಾಕೆ ಇಲ್ಲ ಎಂದು ಕಂಡುಹಿಡಿಯಲು ಒಂದು ಸಂಜೆ ಸಾಕಾಯಿತು. ಅದನ್ನು ನುಂಗಿಕೊಳ್ಳಲು ಮಾತ್ರ ಇನ್ನೂ ಆಗಿಲ್ಲ. ಮೂರು ವರ್ಷದ ಹಿಂದೆ, ಗ್ಯಾರೇಜಿಗೆ ಕಳ್ಳ ನುಗ್ಗಿ ನ್ಯಾಸ್ ಹೊತ್ತುಕೊಂಡು ಹೋದರೆ ತೆರಿಗೆ ಕಾಗದವೆಲ್ಲ ಅವನ ಪಾಲಾಗುತ್ತದಲ್ಲ ಅನ್ನೋ ಯೋಚನೆ ಬಂದು, ನ್ಯಾಸಿನಲ್ಲಿ ಎನ್‌ಕ್ರಿಪ್ಟ್ ಆಗುವ ಹೊಸ ಫೋಲ್ಡರ್ ಮಾಡಿ, ಎಲ್ಲವನ್ನೂ ಅದಕ್ಕೆ ಹೊಸದಾಗಿ ನಕಲು ಮಾಡಿ, ಹಳೆಯದನ್ನು ಅಳಿಸಿದ್ದೆ. ಆ ಬಗೆಯ ಫೋಲ್ಡರಿಗೆ ಒಂದು ನಿಯಮವಿದೆ. ಕಡತದ ಹೆಸರು 143 ಬೈಟು ದಾಟಬಾರದು. ಸಾಮಾನ್ಯ ಲಿನಕ್ಸ್ ಡಿಸ್ಕಿನಲ್ಲಿ 255 ಬೈಟಿನವರೆಗೂ ನಡೆಯುತ್ತದೆ. ಹೆಸರನ್ನೂ ಗುಪ್ತಲಿಪಿಗೆ ತಿರುಗಿಸಿದಾಗ ಅದು ಹಿಗ್ಗುವುದರಿಂದ ಇಲ್ಲಿ ಜಾಗ ಕಡಿಮೆ. ಇಂಗ್ಲಿಷಿನವನಿಗೆ 143 ಎಂದರೆ 143 ಅಕ್ಷರ, ಧಾರಾಳವಾಯಿತು. ನಮಗೆ? ಯೂನಿಕೋಡನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು. ಒತ್ತು, ಗುಣಿತ, ಅರ್ಧಾಕ್ಷರದ ಕೊಂಬು, ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 'ಕ್ಷಿ' ಎಂಬ ಒಂದೇ ಒಂದು ಅಕ್ಷರಕ್ಕೆ ನಾಲ್ಕು ಚಿಹ್ನೆ, ಹನ್ನೆರಡು ಬೈಟು. ಅಂದರೆ 143 ಬೈಟಿನಲ್ಲಿ ನಮಗೆ ಸಿಗುವುದು 47 ಚಿಹ್ನೆ. ಮೇಲೆ ಹೇಳಿದ ಅಮ್ಮನ ಹಾಡಿನ ಹೆಸರನ್ನು ಕೂತು ಎಣಿಸಿದೆ. 154 ಬೈಟು. ಅದನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದಿದ್ದರೆ 66. ಹನ್ನೊಂದು ಬೈಟು ಹೆಚ್ಚಾಯಿತು ಅಂತ ಅಮ್ಮ, ದೊಡ್ಡಮ್ಮ ಇಬ್ಬರನ್ನೂ ಬಾಗಿಲ ಹೊರಗೆ ನಿಲ್ಲಿಸಿದ್ದರು.

ಹಾಗಾದರೆ ಆರ್‌ಸಿಂಕ್ ಸುಮ್ಮನಿತ್ತೆ? ಇಲ್ಲ. ಅದು ಪ್ರಾಮಾಣಿಕ. ಪ್ರತಿ ರಾತ್ರಿ, ಈ 41 ಕಡತಗಳ ಹೆಸರು ತುಂಬಾ ಉದ್ದವಾಯಿತು, ನಕಲಾಗಲಿಲ್ಲ ಎಂದು ಪಟ್ಟಿ ಕೊಟ್ಟು, ಕೆಲಸ ಪೂರ್ತಿಯಾಗಲಿಲ್ಲ ಎಂಬ ಸೂಚನೆಯಾಗಿ 23 ಎಂಬ ಸಂಖ್ಯೆಯನ್ನು ಹಿಂತಿರುಗಿಸಿ ಮಲಗುತ್ತಿತ್ತು. ಆ ಪಟ್ಟಿಯನ್ನು ಕ್ರಾನ್ ಎಂಬ ಗುಮಾಸ್ತ ಶ್ರದ್ಧೆಯಿಂದ ಅಂಚೆಗೆ ಹಾಕುತ್ತಿದ್ದ. ಯಾರಿಗೆ? ಅದೇ ಯಂತ್ರದೊಳಗಿರುವ 'ರೂಟ್' ಎಂಬವರ ಅಂಚೆಪೆಟ್ಟಿಗೆಗೆ. ಆ ಪೆಟ್ಟಿಗೆಯನ್ನು ನಾನು ಜನ್ಮದಲ್ಲಿ ತೆರೆದು ನೋಡಿರಲಿಲ್ಲ. ಮೂರು ವರ್ಷ, ಸಾವಿರದ ನೂರು ಚಿಲ್ಲರೆ ಪತ್ರ. ಸಿಸ್ಟಮ್ ಡಿಸ್ಕು ಬೇರೆಯಾಗಿದ್ದರಿಂದ ಪತ್ರಗಳೆಲ್ಲ ಸುರಕ್ಷಿತವಾಗಿದ್ದವು, ಹಾಡು ಹೋಗಿತ್ತು. ಸತ್ತ ಡಿಸ್ಕನ್ನು ಡೇಟಾ ರಿಕವರಿಯವರಲ್ಲಿಗೆ ಒಯ್ದೆ. ಬಿಚ್ಚಿ ನೋಡಿ, ತಟ್ಟೆಯ ಮೇಲೆಯೇ ಗೀರು ಬಿದ್ದಿದೆ, ಏನೂ ಮಾಡಲಾಗದು ಎಂದರು.

ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. ನನ್ನ ಸರ್ವರಿನಲ್ಲಿದ್ದದ್ದು ಒಟ್ಟು 1.3 ಟೆರಾಬೈಟು. ಹೋದ 41 ಹಾಡುಗಳ ತೂಕ ಎರಡು ಗಿಗಾಬೈಟೂ ಇಲ್ಲ. ಅದಕ್ಕೇ ಹಳೆ ಫೋಲ್ಡರು, ಹೊಸ ಫೋಲ್ಡರು ಎರಡರ ಗಾತ್ರ ಹೋಲಿಸಿದಾಗ ನನ್ನ ಕಣ್ಣಿಗೆ ವ್ಯತ್ಯಾಸ ಬೀಳಲೇ ಇಲ್ಲ.

ಈ ವಿಷಯ ಒಬ್ಬ ಸ್ನೇಹಿತನಿಗೆ ಹೇಳಿದಾಗ ಅವನು ಥಟ್ಟನೆ ಅಂದ: "ಅದಕ್ಕೇ ಗುರೂ, ಫೈಲ್ ಹೆಸರನ್ನ ಇಂಗ್ಲಿಷಲ್ಲಿ ಇಡ್ಬೇಕು ಅನ್ನೋದು." ಅವನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅವನು ಈ ಪತ್ರ ಓದುತ್ತಾನೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಈ ದೇಶಕ್ಕೆ ಬಂದಾಗ ನಾವು ನಮ್ಮ ಹೆಸರುಗಳನ್ನೇ ಕತ್ತರಿಸಿಕೊಂಡೆವು. ವೆಂಕಟಕೃಷ್ಣಮೂರ್ತಿ ವೆಂಕಿಯಾದ, ಸತ್ಯನಾರಾಯಣ ಸ್ಯಾಟ್ ಆದ, ಕಾಫಿ ಅಂಗಡಿಯಲ್ಲಂತೂ ನಾನು ಇಪ್ಪತ್ತು ವರ್ಷದಿಂದ 'ಸ್ಯಾಮ್'. ಅದು ಮನುಷ್ಯರ ನಾಲಿಗೆಗೆ ತೋರಿಸುವ ಸೌಜನ್ಯ, ಇರಲಿ. ಆದರೆ ನನ್ನ ಗ್ಯಾರೇಜಿನಲ್ಲಿ, ನಾನೇ ದುಡ್ಡು ಕೊಟ್ಟು ತಂದ ತಗಡಿನ ಪೆಟ್ಟಿಗೆಗೂ ಹೆಸರು ಕತ್ತರಿಸಿಕೊಡಬೇಕೆ? 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಾಗ ಪರದೆಯ ಮೇಲೆ ಕನ್ನಡ ಮೂಡಿದ್ದನ್ನು ನೋಡಿ ಕುಣಿದಾಡಿದವರು ನಾವು. ಆಮೇಲೆ ಯೂನಿಕೋಡ್ ಬಂದು, ಕಡತದ ಹೆಸರನ್ನೇ ಕನ್ನಡದಲ್ಲಿ ಇಡಬಹುದು ಅಂತಾದಾಗ ಅದೊಂದು ಹಬ್ಬವೇ. ಈಗ ಅದನ್ನು ಬಿಟ್ಟುಕೊಡುವುದು ಸರಿಯಲ್ಲ. ಬಿಟ್ಟುಕೊಡುವ ಅಗತ್ಯವೂ ಇಲ್ಲ. ಹೆಸರು ಬದಲಿಸಬೇಡಿ, ಬ್ಯಾಕಪ್ಪಿನ ವಿಧಾನ ಬದಲಿಸಿ. ಇದೇ ನನ್ನ ವಾದ. ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ. ಲಿನಕ್ಸ್ ಸಹವಾಸವೇ ಬೇಡ ಎನ್ನುವವರು ಒಂದೆರಡು ಪ್ಯಾರಾ ಹಾರಿಸಿದರೂ ಬೇಜಾರಿಲ್ಲ, ಆದರೆ ಕೊನೆಯ ಭಾಗ ದಯವಿಟ್ಟು ಓದಿ.

ಆರ್‌ಸಿಂಕ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆಸ್ಟ್ರೇಲಿಯಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಎಂಬಿಬ್ಬರು 1996ರಲ್ಲಿ ಹೊರತಂದ ಅದ್ಭುತ ಸಾಧನ ಅದು. ಎರಡು ಊರಿನ ನಡುವೆ ನಿಧಾನವಾದ ತಂತಿಯಿದ್ದಾಗ, ಇಡೀ ಕಡತ ಕಳಿಸದೆ ಬದಲಾದ ತುಣುಕನ್ನಷ್ಟೇ ಕಳಿಸುವ ಜಾಣತನ ಅದರದ್ದು. ಆದರೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನ್ಯಾಸಿನ ಫೋಲ್ಡರನ್ನು ಸರ್ವರಿಗೆ ಮೌಂಟ್ ಮಾಡಿಕೊಂಡು, ಅದು ಇಲ್ಲೇ ಇರುವ ಡಿಸ್ಕು ಎಂಬಂತೆ ಆರ್‌ಸಿಂಕ್ ಓಡಿಸಿದರೆ ಆ ಜಾಣತನ ಕೆಲಸವನ್ನೇ ಮಾಡುವುದಿಲ್ಲ. ಬದಲಾದ ಕಡತವನ್ನು ಪೂರ್ತಿಯಾಗಿಯೇ ನಕಲು ಮಾಡುತ್ತದೆ. ಜಾಣತನ ಬೇಕೆಂದರೆ ನ್ಯಾಸಿನ ಒಳಗೂ ಒಂದು ಆರ್‌ಸಿಂಕ್ ಓಡಬೇಕು, ಇವೆರಡೂ ಎಸ್‌ಎಸ್‌ಎಚ್ ಮೂಲಕ ಮಾತಾಡಬೇಕು. ನಾನು ವರ್ಷಗಟ್ಟಲೆ ಮೊದಲ ವಿಧಾನದಲ್ಲೇ ಓಡಿಸಿ, ರಾತ್ರಿಯಿಡೀ ನೆಟ್‌ವರ್ಕ್ ದೀಪ ಮಿಣುಗುವುದನ್ನು ನೋಡಿ ಭಾರೀ ಕೆಲಸ ನಡೆಯುತ್ತಿದೆ ಅಂದುಕೊಂಡಿದ್ದೆ. ಮೊದಲ ಸಲದ ನಕಲಿಗಂತೂ ಸಮಯ ಬೇಕೇ ಬೇಕು. ಗಿಗಾಬಿಟ್ ತಂತಿಯಲ್ಲಿ ಒಂದು ಟೆರಾಬೈಟಿಗೆ ಸುಮಾರು ಎರಡೂವರೆ ಗಂಟೆ. (ವೈಫೈ ಮೇಲೆ ಮಾಡಹೊರಟವರಿಗೆ ದೇವರೇ ಗತಿ, ಗೋಡೆ ಕೊರೆದು ತಂತಿ ಎಳೆಯಿರಿ.)

ಆರ್‌ಸಿಂಕಿನಲ್ಲೇ ದಿನಕ್ಕೊಂದು ನಕಲು ಇಡುವ ಉಪಾಯವೂ ಇದೆ. ಹಾರ್ಡ್ ಲಿಂಕ್ ಅಂತಾರೆ. ಒಂದೇ ಕಡತಕ್ಕೆ ಹತ್ತು ಕಡೆ ಹತ್ತು ಹೆಸರು. ಮನೆಯಲ್ಲಿ ಪುಟ್ಟ, ಶಾಲೆಯಲ್ಲಿ ರಾಘವೇಂದ್ರ, ಆಫೀಸಿನಲ್ಲಿ ರಾಘು, ಆಸಾಮಿ ಮಾತ್ರ ಒಬ್ಬನೇ. ಬದಲಾಗದ ಕಡತ ಪ್ರತಿ ದಿನದ ಫೋಲ್ಡರಿನಲ್ಲೂ ಕಾಣುತ್ತದೆ, ಜಾಗ ಮಾತ್ರ ಒಂದೇ ಸಲ ಹಿಡಿಯುತ್ತದೆ. ಚೆನ್ನಾಗಿಯೇ ಇದೆ. ಆದರೆ ಒಂದು ಫೋಲ್ಡರಿನ ಹೆಸರು ಬದಲಿಸಿದರೆ ಸಾಕು, ಒಳಗಿನದೆಲ್ಲ ಹೊಸದು ಎಂದು ತಿಳಿದು ಮತ್ತೆ ಪೂರ್ತಿ ನಕಲು. ಮತ್ತು ಮುಖ್ಯವಾಗಿ, ಹೆಸರುಗಳು ನ್ಯಾಸಿನ ಫೈಲ್ ಸಿಸ್ಟಮ್ಮಿನ ಮರ್ಜಿಯಲ್ಲೇ ಇರುತ್ತವೆ.

ನಾನೀಗ ಬಳಸುತ್ತಿರುವುದು ರೆಸ್ಟಿಕ್. ಅದರ ಜಾತಿಯದೇ ಇನ್ನೊಂದು ಬೋರ್ಗ್, 2015ರಲ್ಲಿ ಆಟಿಕ್ ಎಂಬುದರಿಂದ ಕವಲೊಡೆದು ಬಂದದ್ದು. ಎರಡೂ ಪುಕ್ಕಟೆ, ಎರಡೂ ಒಳ್ಳೆಯವು, ಯಾವುದು ಮೇಲು ಅಂತ ಜಗಳ ಆಡುವವರು ಆಡಿಕೊಳ್ಳಲಿ. ಇವು ಕಡತವನ್ನು ಕಡತವಾಗಿ ಇಡುವುದಿಲ್ಲ. ಒಳಗಿರುವ ವಿಷಯವನ್ನು ನೋಡಿ ತುಂಡು ತುಂಡು ಮಾಡುತ್ತವೆ, ಪ್ರತಿ ತುಂಡಿಗೂ ಒಂದು ಬೆರಳಚ್ಚು ತೆಗೆಯುತ್ತವೆ, ಅದೇ ಬೆರಳಚ್ಚಿನ ತುಂಡು ಆಗಲೇ ಉಗ್ರಾಣದಲ್ಲಿದ್ದರೆ ಮತ್ತೆ ಒಯ್ಯುವುದಿಲ್ಲ. ನನ್ನ ಫೋನು, ಹೆಂಡತಿಯ ಫೋನು, ಮಗನ ಲ್ಯಾಪ್‌ಟಾಪು, ಮೂರರಿಂದಲೂ ಬಂದ ಅದೇ ಬರ್ತ್‌ಡೇ ಫೋಟೋ ಒಮ್ಮೆ ಮಾತ್ರ ಕೂರುತ್ತದೆ. ಫೋಲ್ಡರಿನ ಹೆಸರು ಬದಲಿಸಿದರೆ ಹೊಸ ಹೆಸರಷ್ಟೇ ಹೋಗುತ್ತದೆ. ಎಲ್ಲವೂ ಸರ್ವರಿನಲ್ಲೇ ಎನ್‌ಕ್ರಿಪ್ಟ್ ಆಗಿ ಹೊರಡುವುದರಿಂದ ನ್ಯಾಸಿನಲ್ಲಿ ಆ ವಿಶೇಷ ಫೋಲ್ಡರೂ ಬೇಡ. ಕಡತದ ಹೆಸರು ಪೆಟ್ಟಿಗೆಯ ಮೇಲಲ್ಲ, ಒಳಗಿನ ಪುಸ್ತಕದಲ್ಲಿ ಬರೆದಿರುತ್ತದೆ. ನ್ಯಾಸಿನ ಕಣ್ಣಿಗೆ ಕಾಣುವುದು ಉಗ್ರಾಣದ ಗೋಣಿಚೀಲಗಳು, ಅವಕ್ಕೆ ಅಂಕಿ ಅಕ್ಷರದ ಗೊತ್ತಾದ ಉದ್ದದ ಗುರುತು. ಒಳಗೆ ಅಮ್ಮನ ಹೆಸರು 154 ಬೈಟಿರಲಿ, 250 ಇರಲಿ, ನ್ಯಾಸ್ ಕೇಳುವಂತೆಯೇ ಇಲ್ಲ! ಈಗ ನನ್ನ ಮನೆಯ ರಾತ್ರಿ ಬ್ಯಾಕಪ್ಪಿಗೆ ಬೇಕಾಗುವುದು ಆರೇಳು ನಿಮಿಷ, ಹೋಗುವ ಸರಕು ಇನ್ನೂರು ಮುನ್ನೂರು ಮೆಗಾಬೈಟು.

ಎಲ್ಲವನ್ನೂ ಬ್ಯಾಕಪ್ ಮಾಡುವ ಚಟವೂ ಬಿಡಬೇಕು. ಊರಿಂದ ಬರುವಾಗ 23 ಕೆಜಿಯ ಎರಡು ಸೂಟ್‌ಕೇಸಿನಲ್ಲಿ ಏನು ತುಂಬುತ್ತೀರಿ? ಅಕ್ಕಿ ತುಂಬುತ್ತೀರಾ? ಸೋನಾ ಮಸೂರಿ ಸನ್ನಿವೇಲಿನ ಅಂಗಡಿಯಲ್ಲೇ ಸಿಗುತ್ತದೆ. ತುಂಬುವುದು ಅಪ್ಪೆಮಿಡಿ ಉಪ್ಪಿನಕಾಯಿ, ಮನೆಯಲ್ಲಿ ಕುಟ್ಟಿದ ಸಾರಿನಪುಡಿ, ಅಮ್ಮ ಕಟ್ಟಿಕೊಟ್ಟ ಚಿಗಳಿ. ಡೆಬಿಯನ್ ಅನ್ನೋದು ಅಕ್ಕಿ, ಅರ್ಧ ಗಂಟೆಯಲ್ಲಿ ಮತ್ತೆ ಹಾಕಿಕೊಳ್ಳಬಹುದು. ಯಾವ ಯಾವ ಪ್ಯಾಕೇಜು ಹಾಕಿದ್ದೀರಿ ಎಂಬ ಪಟ್ಟಿ, ಇಟಿಸಿ ಫೋಲ್ಡರಿನಲ್ಲಿರುವ ನಿಮ್ಮ ಕಾನ್ಫಿಗರೇಶನ್ನು, ಹೋಮ್ ಫೋಲ್ಡರು, ಡೇಟಾಬೇಸು, ಇಷ್ಟು ಉಪ್ಪಿನಕಾಯಿ. ಬ್ರೌಸರ್ ಕ್ಯಾಶ್, ಫೋಟೋ ಥಂಬ್‌ನೇಲ್, ಡೌನ್‌ಲೋಡ್ ಕಸ, ಇವೆಲ್ಲ ಇಲ್ಲೇ ಬಿಡಿ. ಡೇಟಾಬೇಸ್ ಓಡುತ್ತಿರುವಾಗಲೇ ಅದರ ಕಡತ ನಕಲು ಮಾಡಬೇಡಿ, ಅರ್ಧ ಬರೆದ ಪುಟ ಸಿಕ್ಕೀತು. ಮೊದಲು ಡಂಪ್ ತೆಗೆದು ಅದನ್ನು ಕಳಿಸಿ.

ನ್ಯಾಸಿನಲ್ಲಿ ಎರಡು ಡಿಸ್ಕು ಇದೆ, ಒಂದರ ಪ್ರತಿಬಿಂಬ ಇನ್ನೊಂದರಲ್ಲಿ, ಅದೇ ಬ್ಯಾಕಪ್ ಎನ್ನುವವರು ನಮ್ಮ ಕೂಟದಲ್ಲಿ ಈಗಲೂ ಇದ್ದಾರೆ. ಸ್ವಾಮೀ, ನೀವು ತಪ್ಪಿ ಅಳಿಸಿದ್ದನ್ನು ಅದು ಅದೇ ಕ್ಷಣ ಎರಡೂ ಕಡೆ ಅಳಿಸುತ್ತದೆ. ಒಂದು ಡಿಸ್ಕು ಸತ್ತರೆ ಕಾಯುತ್ತದೆ ಅಷ್ಟೆ, ಕೈ ತಪ್ಪಿದರೆ ಕಾಯುವುದಿಲ್ಲ, ಕಳ್ಳರಿಂದಂತೂ ಮೊದಲೇ ಇಲ್ಲ. 2022ರ ಜನವರಿಯಲ್ಲಿ 'ಡೆಡ್‌ಬೋಲ್ಟ್' ಎಂಬ ದಾಳಿ ನಡೆದಾಗ ಇಂಟರ್‌ನೆಟ್ಟಿಗೆ ತೆರೆದುಕೊಂಡಿದ್ದ ಮನೆಮನೆಯ ನ್ಯಾಸ್ ಪೆಟ್ಟಿಗೆಗಳಿಗೇ ಬೀಗ ಹಾಕಿ, ಬೀಗದ ಕೈಗೆ 0.03 ಬಿಟ್‌ಕಾಯಿನ್ ಕೇಳಿದರು. ಆದ್ದರಿಂದ ನ್ಯಾಸನ್ನು ಹೊರಜಗತ್ತಿಗೆ ತೆರೆಯಬೇಡಿ. ಸರ್ವರಿಗೆ ನ್ಯಾಸಿನಲ್ಲಿ ಸೇರಿಸುವ ಹಕ್ಕು ಮಾತ್ರ ಕೊಡಿ, ಅಳಿಸುವ ಹಕ್ಕು ಕೊಡಬೇಡಿ. ರೆಸ್ಟಿಕ್, ಬೋರ್ಗ್ ಎರಡರಲ್ಲೂ ಇದಕ್ಕೆ ವ್ಯವಸ್ಥೆಯಿದೆ. ನಾಳೆ ಸರ್ವರಿಗೆ ಯಾರೋ ನುಗ್ಗಿದರೂ ನಿನ್ನೆಯ ನಕಲನ್ನು ಅವರು ಮುಟ್ಟಲಾರರು.

ಇನ್ನು ಒಂದೇ ಗ್ಯಾರೇಜಿನಲ್ಲಿ ಎರಡನ್ನೂ ಇಟ್ಟುಕೊಂಡ ನನ್ನಂಥವರ ವಿಷಯ. ರೆಡ್‌ವುಡ್ ಸಿಟಿಯ ಪಶ್ಚಿಮದ ಗುಡ್ಡಗಳಲ್ಲಿ ಸ್ಯಾನ್ ಆಂಡ್ರಿಯಾಸ್ ಬಿರುಕು, ಕೊಲ್ಲಿಯ ಆಚೆ ಹೇವರ್ಡ್ ಬಿರುಕು. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪ ಕಂಡವರು ನಮ್ಮ ಹಿರಿಯರಲ್ಲಿ ಇನ್ನೂ ಇದ್ದಾರೆ, ಕೇಳಿ ನೋಡಿ. 2020ರ ಆಗಸ್ಟಿನಲ್ಲಿ ನಮ್ಮದೇ ಸ್ಯಾನ್ ಮಟೆಯೋ ಕೌಂಟಿಯ ಕಾಡು ಹೊತ್ತಿ ಉರಿದಾಗ ಎಷ್ಟೋ ಜನ ಕೈಗೆ ಸಿಕ್ಕಿದ್ದು ತಗೊಂಡು ಮನೆ ಬಿಟ್ಟು ಹೊರಟರು. ಮೂರು ನಕಲು, ಎರಡು ಬಗೆಯ ಮಾಧ್ಯಮ, ಒಂದು ಮನೆಯ ಹೊರಗೆ ಎಂಬ ಸೂತ್ರವನ್ನು ತನ್ನ ಪುಸ್ತಕದ ಮೂಲಕ ಹರಡಿದವನು ಪೀಟರ್ ಕ್ರೋ ಎಂಬ ಫೋಟೋಗ್ರಾಫರ್, ಕಂಪ್ಯೂಟರಿನವನಲ್ಲ. ನಾನು ಫ್ರೀಮಾಂಟಿನ ಗೆಳೆಯನೊಬ್ಬನ ಜೊತೆ ಡಿಸ್ಕು ಬದಲಾಯಿಸಿಕೊಂಡಿದ್ದೇನೆ. ಅವನದು ನಮ್ಮ ಮನೆಯಲ್ಲಿ, ನಮ್ಮದು ಅವನ ಮನೆಯಲ್ಲಿ. ಎರಡೂ ಎನ್‌ಕ್ರಿಪ್ಟ್ ಆಗಿರುವುದರಿಂದ ಒಬ್ಬರ ಸಂಬಳ ಒಬ್ಬರಿಗೆ ಗೊತ್ತಾಗುವ ಭಯವಿಲ್ಲ. ಹೇವರ್ಡ್ ಬಿರುಕು ಫ್ರೀಮಾಂಟಿನ ಮಧ್ಯೆಯೇ ಹಾದುಹೋಗುತ್ತದೆ ಅನ್ನೋದು ಆಮೇಲೆ ನೆನಪಾಯಿತು... ಎರಡೂ ಬಿರುಕು ಒಂದೇ ದಿನ ಮಿಸುಕದಿರಲಿ ಎಂದು ಹಾರೈಸಿ. ಎಲ್ಲವನ್ನೂ ಕ್ಲೌಡಿಗೆ ಹಾಕಿಬಿಡು ಎನ್ನುವವರಿಗೆ ನನ್ನ ವಿರೋಧವಿಲ್ಲ, ಹಾಡು ಮತ್ತು ಕಾಗದಪತ್ರಗಳನ್ನು ನಾನೂ ಹಾಕಿದ್ದೇನೆ. ಆದರೆ ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡಿನಲ್ಲಿ 1.3 ಟೆರಾಬೈಟ್ ಹೋಗಲು ಆರು ಹಗಲು ಆರು ರಾತ್ರಿ ಬೇಕು. ವಾಪಸ್ ತರಿಸುವ ದಿನ ಮನೆಯ ನ್ಯಾಸಿನಷ್ಟು ಬೇಗ ಅದು ಸಿಗುವುದಿಲ್ಲ.

ಸರಿ, ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ದಕ್ಷ ಬ್ಯಾಕಪ್ ಎಂದರೆ ಬೇಗ ಮುಗಿಯುವುದು, ಕಡಿಮೆ ಜಾಗ ಹಿಡಿಯುವುದು ಎಂದು ನಾವೆಲ್ಲ ತಿಳಿದಿದ್ದೇವೆ. ನನ್ನ ಹಳೆಯ ಬ್ಯಾಕಪ್ ಆ ಲೆಕ್ಕದಲ್ಲಿ ದಕ್ಷವೇ. 41 ಕಡತ ಬಿಟ್ಟು ಓಡಿದರೆ ಇನ್ನೂ ಬೇಗ ಮುಗಿಯುತ್ತದಲ್ಲ! ವಾಪಸ್ ತೆಗೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಕರೆಯಲೇಬಾರದು ಎಂಬುದು ಈಗ ನನ್ನ ಹಟ.

ಇದರಲ್ಲಿ ಎಡವಿದವನು ನಾನೊಬ್ಬನೇ ಅಲ್ಲ. ಟಾಯ್ ಸ್ಟೋರಿ 2 ಸಿನಿಮಾ ಮಕ್ಕಳ ಜೊತೆ ಎಷ್ಟು ಸಲ ನೋಡಿಲ್ಲ ನಾವು? 1998ರಲ್ಲಿ ಪಿಕ್ಸಾರ್ ಇಲ್ಲೇ, ಕೊಲ್ಲಿಯ ಆಚೆ ದಡದ ರಿಚ್ಮಂಡಿನಲ್ಲಿತ್ತು. ಆ ಸಿನಿಮಾದ ಕೆಲಸ ನಡೆಯುತ್ತಿದ್ದಾಗ ಯಾರೋ ತಪ್ಪಾಗಿ ಓಡಿಸಿದ ಒಂದು ಅಳಿಸುವ ಆಜ್ಞೆಯಿಂದ ಪಾತ್ರಗಳು ಕಣ್ಣೆದುರೇ ಒಂದೊಂದಾಗಿ ಮಾಯವಾಗತೊಡಗಿದವು. ಮಿಷನ್ನಿನ ಪ್ಲಗ್ ಕಿತ್ತರು. ಬ್ಯಾಕಪ್ ಇದೆಯಲ್ಲ ಅಂದುಕೊಂಡರು. ನೋಡಿದರೆ ಬ್ಯಾಕಪ್ಪೂ ಕೆಟ್ಟಿತ್ತು. ಕೊನೆಗೆ ಉಳಿಸಿದ್ದು ಯಾವ ವ್ಯವಸ್ಥೆಯೂ ಅಲ್ಲ. ಗ್ಯಾಲಿನ್ ಸಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿ, ಹಸುಗೂಸಿನ ತಾಯಿ, ಮನೆಯಿಂದ ಕೆಲಸ ಮಾಡಲೆಂದು ಸಿನಿಮಾದ ಒಂದು ನಕಲನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಕೂಸಿನಂತೆ ಮಲಗಿಸಿ ಸ್ಟುಡಿಯೋಗೆ ತಂದರಂತೆ. (ಆಮೇಲೆ ಸಿನಿಮಾದ ಕಥೆಯನ್ನೇ ಬಹುಪಾಲು ತಿರುಗಿ ಮಾಡಿದರು ಅನ್ನೋದು ಬೇರೆ ಮಾತು. ಸಿನಿಮಾ 1999ರ ನವೆಂಬರಿನಲ್ಲಿ ಬಂತು.) ಇನ್ನೂ ಇತ್ತೀಚಿನದು ಬೇಕೆಂದರೆ ಗಿಟ್‌ಲ್ಯಾಬ್. 2017ರ ಜನವರಿ 31ರಂದು ಅವರ ಮುಖ್ಯ ಡೇಟಾಬೇಸು ಕೈತಪ್ಪಿ ಅಳಿಸಿಹೋದಾಗ, ದಿನನಿತ್ಯದ ಬ್ಯಾಕಪ್ ಬಹಳ ದಿನದಿಂದ ವಿಫಲವಾಗುತ್ತಿತ್ತು ಎಂಬುದು ಗೊತ್ತಾಯಿತು. ವಿಫಲವಾಯಿತು ಎಂದು ತಿಳಿಸುವ ಈಮೇಲುಗಳನ್ನು ಅವರದೇ ಮೇಲ್ ವ್ಯವಸ್ಥೆ ತಿರಸ್ಕರಿಸುತ್ತಿತ್ತು. ಅವರು ಅದನ್ನು ಮುಚ್ಚಿಡದೆ ಪೂರ್ತಿ ಬರೆದು ಪ್ರಕಟಿಸಿದರು, ದೊಡ್ಡತನ. ಅದನ್ನು ನಾನು ಅಂದೇ ಓದಿ, ಆಫೀಸಿನಲ್ಲಿ ಎಲ್ಲರಿಗೂ ಕಳಿಸಿ, ಮನೆಗೆ ಬಂದು ರೂಟ್ ಸಾಹೇಬರ ಅಂಚೆಪೆಟ್ಟಿಗೆ ಮಾತ್ರ ತೆರೆಯಲಿಲ್ಲ.

ಈಗ ನನ್ನ ನ್ಯಾಸ್ ಎರಡು ದಿನ ಹೊಸ ನಕಲು ಬಾರದಿದ್ದರೆ ಫೋನಿಗೆ ಸಂದೇಶ ಕಳಿಸುತ್ತದೆ. ತಪ್ಪಾದಾಗ ಹೇಳು ಎಂದರೆ ಸಾಲದು, ಸರಿಯಾದ ಸುದ್ದಿ ಬಾರದಿದ್ದಾಗಲೂ ಕೂಗು ಎನ್ನಬೇಕು. ವಾರಕ್ಕೊಮ್ಮೆ ರೆಸ್ಟಿಕ್ ಉಗ್ರಾಣದ ಒಂದು ಪಾಲನ್ನು ತೆಗೆದು ಓದಿ ಸರಿಯಿದೆಯೇ ನೋಡುತ್ತದೆ. ತಿಂಗಳ ಮೊದಲ ಭಾನುವಾರ ಕಣ್ಣುಮುಚ್ಚಿ ಹತ್ತು ಕಡತ ಆರಿಸಿ ವಾಪಸ್ ತರಿಸುತ್ತೇನೆ. ಅದರಲ್ಲಿ ಒಂದಾದರೂ ಉದ್ದದ ಕನ್ನಡ ಹೆಸರಿನದ್ದಿರಬೇಕು. ಹಾಡಾದರೆ ಪೂರ್ತಿ ಕೇಳುತ್ತೇನೆ.

ಇನ್ನೊಂದು ಪರೀಕ್ಷೆಯನ್ನು ಮಾಡಿದ್ದು ನನ್ನವಳು. ಪಾಸ್‌ವರ್ಡ್ ಮತ್ತು ವಾಪಸ್ ತರಿಸುವ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಪಾಸ್‌ಪೋರ್ಟುಗಳ ಜೊತೆ ಇಟ್ಟಿದ್ದೆ. ಇಂಥ ಉಗ್ರಾಣದ ಪಾಸ್‌ವರ್ಡ್ ಕಳೆದರೆ ಮಾಡಿದವನಿಂದಲೂ ತೆರೆಯಲಾಗದು. ಅವಳು ಒಂದು ದಿನ ಅದನ್ನು ತೆಗೆದು, "ನಾಳೆ ನೀವಿಲ್ಲ ಅಂದ್ಕೊಳ್ಳಿ, ನಾನೇ ಮಾಡ್ತೀನಿ, ನೀವು ಬಾಯಿ ಬಿಡಬೇಡಿ" ಅಂದು ತನ್ನ ಲ್ಯಾಪ್‌ಟಾಪ್ ಹಿಡಿದು ಕೂತಳು. ನಾನು ಬಾಯಿ ಮುಚ್ಚಿಕೊಂಡು ಕಾಫಿ ಮಾಡಿಕೊಟ್ಟೆ. ನಲವತ್ತು ನಿಮಿಷ ಹಿಡಿಯಿತು. ನನ್ನ ಹಾಳೆಯಲ್ಲಿ ಮೂರು ತಪ್ಪು ಸಿಕ್ಕವು. ಒಂದು ಕಡೆ ನಾನು 'ಎಂದಿನಂತೆ' ಅಂತ ಬರೆದಿದ್ದೆ. "ಯಾರ ಎಂದಿನಂತೆ?" ಅಂತ ಕೇಳಿದಳು. ಹಾಳೆಯನ್ನು ಹೊಸದಾಗಿ ಬರೆದೆ.

ಅಮ್ಮನಿಗೆ ಹೇಳಲು ತಿಂಗಳು ಹಿಡಿಯಿತು. ಅವರಿಗೀಗ ಎಂಬತ್ತೊಂದು. ಫೋನಿನಲ್ಲಿ, "ಹೋದ್ರೆ ಹೋಗ್ಲಿ ಬಿಡೋ, ನಾನಿನ್ನೂ ಇದೀನಲ್ಲ, ಮತ್ತೆ ಹಾಡ್ತೀನಿ" ಅಂದರು. ಬೇಸಿಗೆಯಲ್ಲಿ ಸಾಗರಕ್ಕೆ ಹೋಗಿ ಜಗಲಿಯ ಮೇಲೆ ಕೂತು ಮತ್ತೆ ರೆಕಾರ್ಡ್ ಮಾಡಿದೆ. ಹದಿಮೂರು ಹಾಡು ಪೂರ್ತಿ ಬಂದವು. ಕೆಲವು ಅರ್ಧಕ್ಕೆ ನಿಂತವು. ಒಂದೊಂದು ಸಾಲು ಹಾಡಿ ಅಮ್ಮ ನಿಲ್ಲಿಸುತ್ತಿದ್ದರು, ಮುಂದಿನ ಸಾಲಿಗೆ ಕಾಯುವವರಂತೆ. ಆ ಸಾಲು ದೊಡ್ಡಮ್ಮನದು. ದೊಡ್ಡಮ್ಮ 2019ರಲ್ಲೇ ಹೋದರು. "ಅದು ಅಕ್ಕಂಗೆ ಬರ್ತಿತ್ತು ಕಣೋ, ನಂಗೆ ಅವಳು ಹೇಳಿದ್ಮೇಲೆ ನೆನಪಾಗೋದು" ಅಂದರು. ತಂಗಿಯ ಫೋನಿನಲ್ಲಿ ವಾಟ್ಸಾಪಿನಲ್ಲಿ ಕಳಿಸಿದ್ದ ಆರು ಹಾಡು ಸಿಕ್ಕವು, ದನಿ ಸಣಕಲಾಗಿದೆ, ಆದರೂ ದೊಡ್ಡಮ್ಮ ಇದ್ದಾರೆ. ಉಳಿದ 22 ಎಲ್ಲೂ ಇಲ್ಲ.

ನಿಮ್ಮ ನ್ಯಾಸಿನಲ್ಲಿ 143 ಬೈಟು ದಾಟಿದ ಹೆಸರುಗಳನ್ನು ಹುಡುಕುವ ಒಂದು ಸಾಲಿನ ಆಜ್ಞೆ ನನ್ನ ಬಳಿ ಇದೆ. ಬೇಕಾದವರು ಈ ಮೇಲ್‌ಗೆ ರಿಪ್ಲೈ ಮಾಡಿ, ಕಳಿಸುತ್ತೇನೆ. ಸ್ಕ್ರಿಪ್ಟು ಕೂಡ ಕೊಡುತ್ತೇನೆ. ಶನಿವಾರ ಬಿಡುವಿದ್ದರೆ ಮನೆಗೇ ಬಂದು ಕೂತು ಮಾಡಿಕೊಡುವುದಕ್ಕೂ ತಯಾರು, ಒಳ್ಳೆಯ ಫಿಲ್ಟರ್ ಕಾಫಿ ಇದ್ದರೆ ಸಾಕು.

ಬದಲಿಗೆ ನನ್ನದೊಂದು ಕೋರಿಕೆ. 2012ರ ಯುಗಾದಿಯ ದಿನ ನಮ್ಮ ಮನೆಗೆ ಹೋಳಿಗೆ ಊಟಕ್ಕೆ ಇಪ್ಪತ್ತೈದು ಜನ ಬಂದಿದ್ದಿರಿ. ಊಟದ ನಂತರ ಅಮ್ಮ, ದೊಡ್ಡಮ್ಮ ಇಬ್ಬರೂ ಸೋಫಾದಲ್ಲಿ ಕೂರದೆ ಕೆಳಗೆ ಚಾಪೆ ಹಾಸಿಕೊಂಡು ಹಾಡಿದ್ದು ನೆನಪಿರಬಹುದು. ಆಗ ಯಾರೋ ಇಬ್ಬರು ಕ್ಯಾಮ್‌ಕಾರ್ಡರ್ ಹಿಡಿದಿದ್ದರು. ಒಬ್ಬರು ನೀಲಿ ಜುಬ್ಬಾ ಹಾಕಿದ್ದರು ಅನ್ನುವಷ್ಟು ಮಾತ್ರ ನನಗೆ ನೆನಪು. ಆಮೇಲೆ ಸಿಯಾಟಲ್ಲಿಗೋ ಆಸ್ಟಿನ್ನಿಗೋ ಹೋದವರಿರಬಹುದು. ಅವರ ಪರಿಚಯವಿದ್ದವರು ದಯವಿಟ್ಟು ಈ ಪತ್ರವನ್ನು ಅವರಿಗೆ ಕಳಿಸಿ. ಹಳೆಯ ಟೇಪಾದರೂ ಸರಿ, ಯಾವುದೋ ಡಿಸ್ಕಿನ ಮೂಲೆಯಾದರೂ ಸರಿ, ಒಮ್ಮೆ ಹುಡುಕಿ ನೋಡಿ. ಅಂಚೆ ಖರ್ಚು ನನ್ನದು.